ಮಹ್ ಲಕಾ ಬಾಯಿಯ ತೋಟ: ಪೂರಕ ಪಾಠ

ಕನ್ನಡ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ವನವಿಹಾರವೂ ಒಂದು. ಉಪವನವನ್ನು ವರ್ಣಿಸಿದ ಕವಿಗಳು ಅನೇಕರು. ನೆಲವನ್ನು ಹದಗೊಳಿಸಿ, ನೀರು ಹಾಯಿಸಿ, ಉಪವನವನ್ನೇ ನಿರ್ಮಿಸಿದವರು ವಿರಳ. ಇಂಗ್ಲೆಂಡಿನ ವಿಲಿಯಂ ಶೆನ್‌ಸ್ಟನ್ (1714–1763) ಅಂಥ ಕವಿ. ಆತ ತನ್ನ ಜಮೀನಿನ ಕಾಲುದಾರಿಗಳ ಬದಿಯಲ್ಲಿ ಆಸನಗಳನ್ನಿರಿಸಿ ಅವುಗಳ ಮೇಲೆ ಪದ್ಯಗಳನ್ನು ಬರೆಯಿಸಿದನು. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಮಕ್ಕಳಿಗಾದರೋ ನಿದರ್ಶನವು ಸಮೀಪದಲ್ಲಿಯೇ ಇದೆ.

ಹೈದರಾಬಾದಿನ ಮೌಲಾ ಅಲಿ ಗುಡ್ಡದ ತಪ್ಪಲಿನಲ್ಲಿ ಮಹ್ ಲಕಾ ಬಾಯಿ (1768–1824) ತನ್ನ ತಾಯಿ ರಾಜ್ ಕುಂವರ್ ಬಾಯಿಯ ನೆನಪಿಗಾಗಿ 1792ರಲ್ಲಿ ಸಮಾಧಿಯನ್ನೂ ಅದರ ಸುತ್ತ ಚಾರ್‌ಬಾಗನ್ನೂ ಕಟ್ಟಿಸಿದಳು. ಮುಂದೆ ಆಕೆಯ ಸಮಾಧಿಯೂ ತಾಯಿಯ ಪಕ್ಕದಲ್ಲಿಯೇ ಆಯಿತು. ‘ಚಂದಾ’ ಆಕೆಯ ಕಾವ್ಯನಾಮ. ಉರ್ದುವಿನಲ್ಲಿ ಸ್ವಂತ ದಿವಾನ್, ಅಂದರೆ ಗಜಲುಗಳ ಸಂಕಲನ, ಉಳ್ಳ ಮೊದಲ ಕೆಲವೇ ಕವಯಿತ್ರಿಯರಲ್ಲಿ ಆಕೆಯೂ ಒಬ್ಬಳು. ಆಕೆಯ ಗಜಲುಗಳು ಐದೈದು ದ್ವಿಪದಿಗಳ ಅಳತೆಗೆ ಒಳಪಟ್ಟಿವೆ; ತೋಟವು ನಾಲ್ಕು ಚೌಕಗಳ ಅಳತೆಗೆ. ಛಂದಸ್ಸನ್ನು ಬೋಧಿಸುವಾಗ ಈ ಹೋಲಿಕೆಯನ್ನು ಬಳಸಿಕೊಳ್ಳಬಹುದು.

ಪದಸಂಪತ್ತಿನ ಬೋಧನೆಗೆ ಈ ಪಾಠ ಇನ್ನೂ ಫಲವತ್ತಾದುದು. ‘ಚಾರ್’ ಎಂದರೆ ನಾಲ್ಕೆಂಬುದು ಸಂತೆಗೆ ಹೋದ ಪ್ರತಿ ಮಗುವಿಗೂ ಗೊತ್ತು. ‘ಬಾಗ್’ ಎಂಬುದು ಬೆಂಗಳೂರಿನ ಲಾಲ್‌ಬಾಗಿನಲ್ಲಿದೆ, ನೆರೆಯ ಬೀದರ ಕೋಟೆಯ ಲಾಲ್‌ಬಾಗಿನಲ್ಲಿಯೂ ಇದೆ. ‘ತೋಟ’ ಕನ್ನಡಕ್ಕೂ ತೆಲುಗಿಗೂ ಸಮಾನ. ಮಹ್ ಲಕಾ ಎಂದರೆ ಚಂದ್ರಮುಖಿ. ಅರ್ಥವನ್ನು ಹೇಳಿಬಿಡದೆ, ಸಮಾನಪದವನ್ನು ಮಕ್ಕಳೇ ಊಹಿಸಲಿ. ಮನೆಯಿಂದ ತಂದ ಉರ್ದು, ತೆಲುಗು ಪದಗಳನ್ನು ತಪ್ಪೆಂದು ಕೆಂಪು ಶಾಯಿಯಲ್ಲಿ ಗುರುತಿಸುವ ರೂಢಿಯನ್ನು ಈ ಪಾಠದಲ್ಲಾದರೂ ಕೈಬಿಡಬೇಕು. ಮೂರು ಭಾಷೆಗಳನ್ನು ಆಡುವ ಮಗು ಕನ್ನಡ ತರಗತಿಯಲ್ಲಿ ಬಾಯಿ ಮುಚ್ಚಿ ಕೂತರೆ ನಷ್ಟ ಕನ್ನಡಕ್ಕೇ.

“ಆಕೆ ಯಾರು?” ಎಂಬ ಪ್ರಶ್ನೆ ತರಗತಿಯಲ್ಲಿ ಬರುವುದು ಸಹಜ. ಆಕೆ ನಿಜಾಮ್ ಅಲಿ ಖಾನನ ಆಸ್ಥಾನದ ಗಾಯಕಿ, ನರ್ತಕಿ, ಜಾಗೀರು ಪಡೆದವಳು. ಇದನ್ನು ಮರೆಮಾಚಿ ‘ಶ್ರೀಮಂತ ಮಹಿಳೆ’ ಎಂದಷ್ಟೇ ಹೇಳುವುದು ಉಚಿತವಲ್ಲ. ಸಂಚಿಯ ಹೊನ್ನಮ್ಮ ಅರಮನೆಯ ಊಳಿಗದವಳೆಂದು ಹೇಳಲು ಯಾವ ಶಿಕ್ಷಕರೂ ಹಿಂಜರಿಯುವುದಿಲ್ಲ. ತನ್ನ ಕಲೆಯಿಂದ ಪಡೆದ ಸಂಪತ್ತಿನಲ್ಲಿ ಮಗಳೊಬ್ಬಳು ತಾಯಿಗಾಗಿ ತೋಟ ಮಾಡಿಸಿದಳೆಂಬ ವಿಷಯ ಏಳನೆಯ ತರಗತಿಯ ಮಗುವಿಗೂ ಅರ್ಥವಾಗುತ್ತದೆ.

ಚಟುವಟಿಕೆಯಾಗಿ ಶಾಲೆಯ ಅಂಗಳದಲ್ಲಿ ನಾಲ್ಕು ಪಾತಿ ಮಾಡಿಸಿ, ಗಿಡಗಳ ಹೆಸರನ್ನು ಮೂರೂ ಭಾಷೆಗಳಲ್ಲಿ ಬರೆಯಿಸಬಹುದು. ನೀರಿಗೆ ತತ್ವಾರವಿರುವ ಶಾಲೆಗಳಲ್ಲಿ ಬಿಳಿ ಹಾಳೆಯ ಮೇಲಿನ ನಕ್ಷೆಯೇ ಸಾಕು.