ಮಿನೊವಾದ ಓಣಿಯಲ್ಲಿ ಹತ್ತು ರಾತ್ರಿ

2017ರಲ್ಲಿ ಮೊದಲ ಸಲ ಟೋಕಿಯೋಗೆ ಹೋದಾಗ ನಾನೂ ನಮ್ಮ ಮನೆಯವರೂ ಶಿಂಜುಕುವಿನಲ್ಲಿ ಇಳಿದುಕೊಂಡಿದ್ದೆವು. ದೊಡ್ಡ ಸ್ಟೇಷನ್ನಿನ ಪಕ್ಕದಲ್ಲಿದ್ದರೆ ಎಲ್ಲಿಗೆ ಬೇಕಾದರೂ ಸುಲಭವಾಗಿ ಹೋಗಿಬರಬಹುದು ಎಂಬ ಲೆಕ್ಕ. ಹೋಟೆಲಿನವರ ಚೀಟಿಯಲ್ಲಿ ‘ಸ್ಟೇಷನ್ನಿನಿಂದ ಐದು ನಿಮಿಷ’ ಎಂದಿತ್ತು. ಆ ಸ್ಟೇಷನ್ನಿಗೆ ಇನ್ನೂರಕ್ಕೂ ಹೆಚ್ಚು ಬಾಗಿಲುಗಳಿವೆ ಎಂಬುದು ನಮಗೆ ಗೊತ್ತಿರಲಿಲ್ಲ. ಬೇರೆ ಯಾವುದೋ ಬಾಗಿಲಿನಿಂದ ಹೊರಬಿದ್ದು, ಮಳೆಯಲ್ಲಿ ಸೂಟ್‌ಕೇಸ್ ಎಳೆದುಕೊಂಡು ಮುಕ್ಕಾಲು ಗಂಟೆ ಅಲೆದೆವು. ನಾಲ್ಕು ರಾತ್ರಿಯೂ ಎದುರಿನ ಕಟ್ಟಡದ ಕೆಂಪು ನೀಲಿ ದೀಪ ಪರದೆಯ ಮೇಲೆ ಕುಣಿಯುತ್ತಿತ್ತು. ಮೈಸೂರಿಗೆ ವಾಪಸು ಬಂದ ಮೇಲೆ ಅಮ್ಮ ಕೇಳಿದಳು, “ಅಲ್ಲಿಯ ಜನ ಏನು ಅಡುಗೆ ಮಾಡ್ತಾರೆ? ಸಂಜೆ ಹೊತ್ತು ಬಾಗಿಲಲ್ಲಿ ಕೂತ್ಕೋತಾರಾ?” ಹೇಳುವುದಕ್ಕೆ ನನ್ನ ಬಳಿ ಏನೂ ಇರಲಿಲ್ಲ. ನಾಲ್ಕು ದಿನ ಲಕ್ಷಾಂತರ ಜನರ ನಡುವೆ ಓಡಾಡಿದ್ದೆ, ಮನೆಗೆ ಹೋಗುವ ಒಬ್ಬರನ್ನೂ ನೋಡಿರಲಿಲ್ಲ.

ಏಳು ವರ್ಷದ ನಂತರ, 2024ರ ನವೆಂಬರ್‌ನಲ್ಲಿ, ಅಮ್ಮನನ್ನೇ ಕರೆದುಕೊಂಡು ಹೊರಟೆ. ಅವಳಿಗೆ ಎಪ್ಪತ್ತೊಂದು. ಎರಡೂ ಮಂಡಿ ನೋವು. ಮೊಟ್ಟೆಯನ್ನೂ ಮುಟ್ಟುವವಳಲ್ಲ. ಈ ಸಲ ಹೋಟೆಲ್ ಹುಡುಕುವ ಮೊದಲು ಮೆಟ್ರೋ ನಕ್ಷೆ ಹರಡಿಕೊಂಡು ಕೂತೆ. ನಾವು ನೋಡಬೇಕೆಂದಿದ್ದ ಉಯೆನೊ, ಗಿಂಜಾ, ತ್ಸುಕಿಜಿ ಮೂರೂ ಹಿಬಿಯಾ ಮಾರ್ಗದ ಮೇಲೆಯೇ ಇದ್ದವು. ಆ ಗೆರೆಯ ಮೇಲೆ ಬೆರಳಿಟ್ಟು ಊರ ನಡುವಿನಿಂದ ಆಚೆಗೆ ಸರಿಯುತ್ತ ಹೋದೆ. ಉಯೆನೊದಿಂದ ಎರಡೇ ನಿಲ್ದಾಣ ಆಚೆ, ಮಿನೊವಾದಲ್ಲಿ, ಶಿಂಜುಕುವಿನಲ್ಲಿ ಕೊಟ್ಟಿದ್ದರ ಅರ್ಧಕ್ಕೂ ಕಡಿಮೆಗೆ ಕೋಣೆ ಸಿಕ್ಕಿತು. ಇಬ್ಬರಿಗೆ ರಾತ್ರಿಗೆ 9,000 ಯೆನ್, ನಮ್ಮ ಲೆಕ್ಕದಲ್ಲಿ ಸುಮಾರು ಐದು ಸಾವಿರ ರೂಪಾಯಿ. ಟೋಕಿಯೋದಲ್ಲಿ 2002ರಿಂದ ವಸತಿ ತೆರಿಗೆ ಇದೆ. ಆಗ ತಲೆಗೆ ರಾತ್ರಿಗೆ 10,000 ಯೆನ್‌ಗಿಂತ ಕಡಿಮೆಯಾದರೆ ಅದೂ ಬೀಳುತ್ತಿರಲಿಲ್ಲ. ಅಲ್ಲಿಂದ ಗಿಂಜಾಕ್ಕೆ ರೈಲು ಬದಲಿಸದೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಊರ ನಡುವೆ ಇರಬೇಕೆಂಬ ಹಟ ಬಿಟ್ಟು, ಬೇಕಾದ ರೈಲು ಮಾರ್ಗದ ತುದಿಯ ಕಡೆ ಹುಡುಕಿದ್ದು ನಾನು ಮಾಡಿದ ಒಳ್ಳೆಯ ಕೆಲಸ.

ಗಂಡ ಹೆಂಡತಿ ಇಬ್ಬರೇ ನಡೆಸುವ ಹಳೆಯ ಮರದ ಮನೆ ಅದು, ಎಂಟು ಕೋಣೆಯ ರ್ಯೋಕಾನ್, ಅಂದರೆ ಜಪಾನಿ ಪದ್ಧತಿಯ ವಸತಿಗೃಹ. ಯಜಮಾನಿಯನ್ನು ಎಲ್ಲರೂ ಒಕಾಮಿಸಾನ್ ಎನ್ನುತ್ತಿದ್ದರು. ಅಂಥ ಮನೆ ನಡೆಸುವ ಹೆಂಗಸನ್ನು ಕರೆಯುವ ರೀತಿ ಅದು. ಕೋಣೆಯಲ್ಲಿ ಆರು ತತಾಮಿ ಚಾಪೆ, ಗೋಡೆ ಅಲಮಾರಿಯಲ್ಲಿ ಮಡಿಸಿಟ್ಟ ಹಾಸಿಗೆ. ನೆಲದ ಹಾಸಿಗೆ ಅಮ್ಮನಿಗೆ ಹೊಸದಲ್ಲ. ಆದರೆ ನೆಲದಿಂದ ಏಳುವಾಗ ಮಂಡಿ ಹಿಡಿದುಕೊಂಡದ್ದನ್ನು ಒಕಾಮಿಸಾನ್ ಬಾಗಿಲಲ್ಲಿ ನಿಂತು ನೋಡಿದರು. ಅರ್ಧ ಗಂಟೆಯಲ್ಲಿ ಇನ್ನೆರಡು ಹಾಸಿಗೆ ತಂದು ಒಂದರ ಮೇಲೊಂದು ಪೇರಿಸಿ ಮಂಚದೆತ್ತರ ಮಾಡಿಕೊಟ್ಟರು. ವಯಸ್ಸಾದವರನ್ನು ಕರೆದೊಯ್ಯುವವರು ಕೋಣೆ ಹಿಡಿಯುವಾಗಲೇ ಮಂಚ ಇದೆಯಾ ಎಂದು ಕೇಳಬೇಕು. ಸ್ಟೇಷನ್ನಿನ ಯಾವ ಬಾಗಿಲಿಗೆ ಲಿಫ್ಟ್ ಇದೆ ಎಂದೂ ನೋಡಿಕೊಳ್ಳಬೇಕು. ಎಲ್ಲ ಬಾಗಿಲಿಗೂ ಇರುವುದಿಲ್ಲ. ಇವೆರಡನ್ನೂ ನಾನು ಕೇಳಿರಲಿಲ್ಲ.

ನನ್ನಿಂದ ದೊಡ್ಡ ತಪ್ಪಾದದ್ದು ಮೊದಲ ರಾತ್ರಿ. ಬೆಂಗಳೂರಿನಲ್ಲಿರುವ ಮಗ ಆಫೀಸಿನಿಂದ ಬಂದು ಫೋನ್ ಮಾಡುವುದು ರಾತ್ರಿ ಎಂಟಕ್ಕೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ಅಂದರೆ ಅಲ್ಲಿ ಹನ್ನೊಂದೂವರೆ. ಅಮ್ಮನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಅವಳಿಗೆ ಕಿವಿ ಸ್ವಲ್ಪ ಮಂದ. ಮೂವರೂ ಸಂತೋಷದಲ್ಲಿ ಅರ್ಧ ಗಂಟೆ ಗಟ್ಟಿಯಾಗಿ ಮಾತಾಡಿದೆವು.

ಬೆಳಗ್ಗೆ ಚಹಾ ತಂದ ಒಕಾಮಿಸಾನ್ ಎರಡು ಸಲ ತಲೆ ಬಾಗಿಸಿದರು. ಆಮೇಲೆ ಎರಡೂ ಅಂಗೈ ಜೋಡಿಸಿ ಕೆನ್ನೆಯ ಕೆಳಗಿಟ್ಟು, ಪಕ್ಕದ ಮನೆಯ ಕಡೆ ನೋಡಿ, ನಾಲ್ಕು ಬೆರಳು ತೋರಿಸಿದರು. ಅವರ ಯಜಮಾನರು ಫೋನಿನಲ್ಲಿ ಅನುವಾದ ಮಾಡಿ ತೋರಿಸಿದಾಗ ಅರ್ಥವಾಯಿತು. ಆ ಮನೆಯ ಮುದುಕರು ಸೆಂಜು ಕಡೆಯ ಅದಾಚಿ ಮೀನು ಮಾರುಕಟ್ಟೆಗೆ ಕೆಲಸಕ್ಕೆ ಹೋಗುತ್ತಾರೆ, ಏಳುವುದು ನಾಲ್ಕು ಗಂಟೆಗೆ. ಅವರ ಗೋಡೆಗೂ ನಮ್ಮ ಗೋಡೆಗೂ ನಡುವೆ ಒಂದು ಮೊಳ ಜಾಗ. ನನಗೆ ಮುಖ ತೋರಿಸಲಾಗಲಿಲ್ಲ. ಕೋಣೆ ಹಿಡಿಯುವಾಗ ‘ನಿಶ್ಶಬ್ದ ಬಡಾವಣೆ’ ಎಂದು ಓದಿ ಖುಷಿಪಟ್ಟಿದ್ದವಳು ನಾನು. ಕಿಟಕಿಯಿಂದ ಕಾಣುವ ನೋಟದ ಹಾಗೆ ಅದು ಕೋಣೆಯ ಜೊತೆ ಸಿಗುವ ವಸ್ತು ಎಂದುಕೊಂಡಿದ್ದೆ. ಆ ಓಣಿಯಲ್ಲಿ ಎಲ್ಲರೂ ದಿನವೂ ಬಾಗಿಲು ಮೆಲ್ಲಗೆ ಎಳೆದು, ಸೈಕಲ್ ತಳ್ಳಿಕೊಂಡು ನಡೆದು, ಟಿವಿ ತಗ್ಗಿಸಿ ಅದನ್ನು ಕಾಪಾಡಿಕೊಂಡು ಬಂದಿದ್ದರು. ಹಿಂದಿನ ರಾತ್ರಿ ಕಲ್ಲು ಹಾಸಿನ ಮೇಲೆ ನಾವು ಎಳೆದುಕೊಂಡು ಬಂದ ಸೂಟ್‌ಕೇಸಿನ ಚಕ್ರದ ಸದ್ದು ಆಗ ನೆನಪಿಗೆ ಬಂತು. ಅಂದಿನಿಂದ ಮಗನಿಗೆ ಅವನ ಊಟದ ವಿರಾಮದಲ್ಲಿ ನಾನೇ ಫೋನ್ ಮಾಡತೊಡಗಿದೆ, ಅದೂ ಹತ್ತಿರದ ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕೂತು.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ನಮ್ಮಂಥ ಸಸ್ಯಾಹಾರಿಗಳಿಗೆ ಜಾಗ ಆಯ್ದುಕೊಳ್ಳುವುದರಲ್ಲಿ ಅದೇ ಮುಖ್ಯ. ಜಪಾನಿನ ಅಡುಗೆಯಲ್ಲಿ ‘ದಾಶಿ’ ಎಂಬ ತಿಳಿಸಾರಿದೆ, ಸಾಮಾನ್ಯವಾಗಿ ಒಣಮೀನಿನದು. ಮಿಸೊ ಸಾರಿನಲ್ಲಿ, ಬೇಯಿಸಿದ ತರಕಾರಿಯಲ್ಲಿ, ನೂಡಲ್ಸ್‌ನಲ್ಲಿ ಅದು ಇದ್ದೇ ಇರುತ್ತದೆ. ಮೀನು ಹಾಕಬೇಡಿ ಎಂದರೆ ತುಂಡು ತೆಗೆದುಕೊಡುತ್ತಾರೆ, ಸಾರು ಅದೇ. ಹಾಗಾಗಿ ದಿನಕ್ಕೆ ಎರಡು ಹೊತ್ತು ನಾವೇ ಮಾಡಿಕೊಳ್ಳುವಂತಿರಬೇಕಿತ್ತು. ನಮ್ಮ ರ್ಯೋಕಾನಿನ ಮೂಲೆಯಲ್ಲಿ ಎಲ್ಲರಿಗೂ ಸೇರಿದ ಒಂದು ಮೈಕ್ರೋವೇವ್, ಕೆಟಲ್, ತೊಟ್ಟಿ ಇದ್ದವು. ಮೂರು ನಿಮಿಷ ನಡೆದರೆ ಜಾಯ್‌ಫುಲ್ ಮಿನೊವಾ ಎಂಬ ಅಂಗಡಿ ಬೀದಿ. ಮೇಲೆ ಉದ್ದಕ್ಕೂ ಮಾಡು ಹೊದಿಸಿದೆ. ಇಂಥ ಅಂಗಡಿ ಬೀದಿಗಳನ್ನು ಅಲ್ಲಿ ಶೋತೆಂಗಾಯ್ ಎನ್ನುತ್ತಾರೆ. ಕೆಲವು ಅಂಗಡಿಗಳ ಷಟರ್ ಕಾಯಂ ಇಳಿದಿತ್ತು. ಉಳಿದವುಗಳಲ್ಲಿ ತರಕಾರಿ, ಉಪ್ಪಿನಕಾಯಿ, ಕರಿದ ತಿಂಡಿ, ಬಿಸಿ ತೋಫು.

ಸೂಪರ್‌ಮಾರ್ಕೆಟ್ಟಿನಲ್ಲಿ 400 ಗ್ರಾಂನ ಸಪ್ಪೆ ಮೊಸರಿನ ಡಬ್ಬಿ ಸಿಕ್ಕಾಗ ಅಮ್ಮನ ಮುಖ ಅರಳಿತು. ಎರಡು ನಿಮಿಷ ಬಿಸಿ ಮಾಡಿದರೆ ಸಾಕಾಗುವ ಅನ್ನದ ಪ್ಯಾಕೆಟ್ಟೂ ಸಿಕ್ಕಿತು. ಅಲ್ಲಿಯ ಅನ್ನ ಅಂಟಂಟು, ಸಾರಿಗೆ ಒಗ್ಗುವುದಿಲ್ಲ. ಅಮ್ಮ ಚಮಚದ ಬೆನ್ನಿನಿಂದ ಅದನ್ನು ಕಿವುಚಿ, ಮೊಸರು ಬೆರೆಸಿ, ಮನೆಯಿಂದ ಕರಿದು ತಂದಿದ್ದ ಮಜ್ಜಿಗೆ ಮೆಣಸಿನಕಾಯಿಯನ್ನು ಮುರಿದು ಹಾಕಿದಳು. “ಮೊಸರನ್ನಕ್ಕೆ ಹೇಳಿ ಮಾಡಿಸಿದ ಅಕ್ಕಿ ಕಣೇ ಇದು” ಎಂದಳು. ಆ ಅಂಗಡಿಯ ಬಾಗಿಲಲ್ಲೇ ಗೆಣಸು ಸುಡುವ ಪೆಟ್ಟಿಗೆ. ಬಿಸಿ ಕಲ್ಲಿನ ಮೇಲೆ ನಿಧಾನವಾಗಿ ಬೆಂದು ಸಿಪ್ಪೆಯ ಬಿರುಕಿನಲ್ಲಿ ಪಾಕ ಒಸರಿ ಕಪ್ಪಗೆ ಗಟ್ಟಿಯಾಗಿರುತ್ತಿತ್ತು. ಕಾಗದದ ಚೀಲದಲ್ಲಿ ಹಿಡಿದುಕೊಂಡರೆ ಕೈಯೂ ಬೆಚ್ಚಗೆ. ಒಡೆದರೆ ಒಳಗೆ ಹಳದಿ, ಹೋಳಿಗೆಯ ಹೂರಣದ ಹಾಗೆ. ಹತ್ತು ದಿನದಲ್ಲಿ ಎಂಟು ದಿನ ಅದನ್ನು ತಿಂದಿದ್ದೇವೆ.

ಆ ಬೀದಿಗೆ ಅಂಟಿಕೊಂಡಂತೆ ಮಿನೊವಾಬಾಶಿ ಟ್ರಾಮ್ ನಿಲ್ದಾಣ. ಒಂದು ಕಾಲಕ್ಕೆ ಟೋಕಿಯೋ ತುಂಬ ಟ್ರಾಮ್ ಇತ್ತು. ಕಾರು ಹೆಚ್ಚಾದಂತೆ 1972ರ ಹೊತ್ತಿಗೆ ನಗರಾಡಳಿತದ ಟ್ರಾಮ್‌ಗಳೆಲ್ಲ ನಿಂತವು. ಇದೊಂದು ಉಳಿಯಿತು, ಏಕೆಂದರೆ ಇದರ ಹಳಿ ಬಹುಪಾಲು ರಸ್ತೆಯಿಂದ ಬೇರೆಯಾಗಿ ಮನೆಗಳ ಹಿತ್ತಿಲ ನಡುವೆ ಹೋಗುತ್ತದೆ. 1974ರಲ್ಲಿ ಅರಕಾವಾ ಮಾರ್ಗ ಎಂದು ಹೆಸರಾಯಿತು. ವಸೇದಾವರೆಗೆ 12.2 ಕಿಲೋಮೀಟರ್, ಎಲ್ಲಿ ಇಳಿದರೂ ಆಗ 170 ಯೆನ್. ಅಮ್ಮನಿಗೆ ಮೆಟ್ರೋಗಿಂತ ಇದು ಪ್ರೀತಿಯಾಯಿತು. ಮೆಟ್ಟಿಲಿಲ್ಲ, ಜಗಲಿಯಂಥ ಕಟ್ಟೆಯಿಂದ ನೇರ ಒಳಗೆ ಕಾಲಿಡಬಹುದು. ಒಂದೇ ಬೋಗಿ, ಮುಂದೆ ಹತ್ತಿ ಹಿಂದೆ ಇಳಿಯಬೇಕು. ಹಳಿಯ ಪಕ್ಕದಲ್ಲಿ ಅರಕಾವಾ ವಾರ್ಡಿನ ಜನ ಸುಮಾರು 13,000 ಗುಲಾಬಿ ಗಿಡ ಬೆಳೆಸಿದ್ದಾರೆ, ನವೆಂಬರ್‌ನಲ್ಲೂ ಹೂವಿತ್ತು. ಕೈಗವಸು ಹಾಕಿಕೊಂಡ ಇಬ್ಬರು ಅಜ್ಜಿಯರು ಒಣಗಿದ ಹೂ ಕತ್ತರಿಸುವುದನ್ನು ನೋಡುತ್ತ ಅಮ್ಮ ಎರಡು ಟ್ರಾಮ್ ಬಿಟ್ಟಳು. ಗಿಂಜಾಕ್ಕೆ ಹೋಗುವ ದಿನ ಹಾಗೇ ಕಳೆಯಿತು. ನನಗೆ ಬೇಸರವಾಗಲಿಲ್ಲ.

ಬಾಡಿಗೆ ಯಾಕೆ ಕಡಿಮೆ ಎಂಬುದನ್ನು ನಾನು ತಿಳಿದುಕೊಂಡದ್ದು ಅಲ್ಲಿಗೆ ಹೋದ ಮೇಲೆ, ಮೊದಲೇ ತಿಳಿದುಕೊಳ್ಳಬೇಕಿತ್ತು. ಮಿನೊವಾದ ಪಕ್ಕದಲ್ಲೇ ಹಳೆಯ ಸಾನ್ಯ. 1964ರ ಒಲಿಂಪಿಕ್ಸ್‌ಗಾಗಿ ಟೋಕಿಯೋ ಕಟ್ಟಿದ ಕೂಲಿಗಳು ರಾತ್ರಿ ಲೆಕ್ಕದಲ್ಲಿ ಹಣ ಕೊಟ್ಟು ಮಲಗುತ್ತಿದ್ದ ಜಾಗ. 1966ರಲ್ಲಿ ಆ ಹೆಸರನ್ನೇ ನಕ್ಷೆಯಿಂದ ತೆಗೆದರು. ಕೂಲಿಗಳಿಗೆ ವಯಸ್ಸಾಯಿತು, ಅವರ ವಸತಿಗಳಲ್ಲಿ ಕೆಲವು ಈಗ ನನ್ನಂಥ ಪ್ರವಾಸಿಗಳಿಗೆ ಅಗ್ಗದ ಕೋಣೆಗಳಾಗಿವೆ. ಇನ್ನೊಂದು ದಿಕ್ಕಿನಲ್ಲಿ, 1657ರ ಮಹಾ ಬೆಂಕಿಯ ನಂತರ ಊರ ಹೊರಗೆ ಅಟ್ಟಲಾಗಿದ್ದ ಯೋಶಿವಾರಾ, ಹೆಣ್ಣುಗಳನ್ನು ಮಾರಿ ಕೂಡಿಹಾಕಿದ್ದ ಕೇರಿ. ಅಲ್ಲಿ ಸತ್ತ, ದಿಕ್ಕಿಲ್ಲದ ಹುಡುಗಿಯರನ್ನು ತಂದು ಹಾಕುತ್ತಿದ್ದದ್ದು ಮಿನೊವಾ ಸ್ಟೇಷನ್ನಿನ ಬಳಿಯ ಜೋಕಾಂಜಿ ದೇವಾಲಯಕ್ಕೆ. ಜನ ಅದಕ್ಕೆ ‘ಎಸೆದುಹೋಗುವ ಗುಡಿ’ ಎಂದೇ ಹೆಸರಿಟ್ಟಿದ್ದರು. ಸುಮಾರು 25,000 ಮಂದಿ ಅಲ್ಲಿದ್ದಾರೆ ಎನ್ನುತ್ತಾರೆ. ಹಿಂಭಾಗದಲ್ಲಿ ಅವರೆಲ್ಲರ ಹೆಸರಿನಲ್ಲಿ ಒಂದು ಕಲ್ಲಿನ ಸ್ಮಾರಕ. ಅಲ್ಲಿ ಯಾರೋ ಬಾಚಣಿಗೆ ಇಟ್ಟುಹೋಗಿದ್ದರು, ಒಂದು ಚಿಕ್ಕ ಕನ್ನಡಿ ಕೂಡ. ಅಮ್ಮ ಕೈ ಮುಗಿದು ತುಂಬ ಹೊತ್ತು ನಿಂತಳು. ವಾಪಸು ಬರುವಾಗ, “ಈ ಮಕ್ಕಳಿಗೂ ಅಮ್ಮಂದಿರು ಇದ್ದಿರಬೇಕಲ್ಲೇ” ಎಂದಳಷ್ಟೆ.

ಆ ಸಂಜೆ ಒಕಾಮಿಸಾನ್‌ಗೆ ದುಡ್ಡು ಕೊಡುವಾಗ ನನ್ನ ಕೈಯಲ್ಲಿ ಹಳೆಯ 5,000 ಯೆನ್ ನೋಟಿತ್ತು. ಅವರು ಅದರ ಮೇಲಿನ ಹೆಂಗಸಿನ ಮುಖ ತೋರಿಸಿ, ಹೊರಗಿನ ರಸ್ತೆ ತೋರಿಸಿದರು. ಲೇಖಕಿ ಹಿಗುಚಿ ಇಚಿಯೋ, 1893ರಲ್ಲಿ ಹತ್ತಿರದ ರ್‍ಯೂಸೆನ್‌ನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು ಯೋಶಿವಾರಾ ಅಂಚಿನ ಮಕ್ಕಳನ್ನು ನೋಡುತ್ತ ಬದುಕಿದವಳು. ಆ ಮಕ್ಕಳ ಕತೆ ಬರೆದು ಇಪ್ಪತ್ತನಾಲ್ಕಕ್ಕೇ ತೀರಿಕೊಂಡಳು. ನಾವು ಇದ್ದ ಜಾಗದಿಂದ ನಡೆದೇ ಹೋಗಬಹುದಾದ ಅವಳ ಮ್ಯೂಸಿಯಂನಲ್ಲಿ ಅರ್ಧ ದಿನ ಕಳೆದೆವು. ಅಗ್ಗದ ಜಾಗ ಸಿಕ್ಕಿತೆಂದು ಹಿಗ್ಗುವಾಗ ಅದು ಯಾರ ಕಷ್ಟದಿಂದ ಅಗ್ಗವಾಯಿತು ಎಂದು ಕೇಳಿಕೊಳ್ಳುವುದು ಅಲ್ಲಿಂದಾಚೆ ನನಗೆ ರೂಢಿಯಾಗಿದೆ.

ಸ್ನಾನಕ್ಕೆ ಓಣಿಯ ಸೆಂತೋಗೆ ಹೋಗುತ್ತಿದ್ದೆವು. ಸೆಂತೋ ಎಂದರೆ ಸಾರ್ವಜನಿಕ ಸ್ನಾನದ ಮನೆ. ಟೋಕಿಯೋದಲ್ಲಿ ದರ ಎಲ್ಲ ಕಡೆ ಒಂದೇ, ಆಗ 550 ಯೆನ್. ಹೆಂಗಸರಿಗೆ ಬೇರೆಯೇ ಭಾಗವಿದ್ದರೂ ಬಟ್ಟೆಯಿಲ್ಲದೆ ಹತ್ತು ಜನರ ನಡುವೆ ಕೂರುವುದಕ್ಕೆ ನಾನು ಒಂದು ದಿನ ಹಿಂಜರಿದೆ. ಅಮ್ಮ ಹಿಂಜರಿಯಲಿಲ್ಲ. “ಹೆರಿಗೆ ಆದವಳಿಗೆ ಇದೇನು” ಎಂದು ನಡೆದಳು. ಮೊದಲು ಪುಟ್ಟ ಮಣೆಯ ಮೇಲೆ ಕೂತು ಮೈ ಪೂರ್ತಿ ತೊಳೆದುಕೊಂಡು ಆಮೇಲೆ ತೊಟ್ಟಿಗೆ ಇಳಿಯಬೇಕು. ನೀರು ನಮ್ಮ ಹಂಡೆಯ ನೀರಿನ ಹಾಗೆ ಸುಡುತ್ತಿತ್ತು. ಮಂಡಿ ನೋವಿಗೆ ಅದಕ್ಕಿಂತ ಒಳ್ಳೆಯ ಔಷಧಿ ಸಿಗಲಿಲ್ಲ ಎಂದು ಅಮ್ಮ ಈಗಲೂ ಹೇಳುತ್ತಾಳೆ.

ನಡುವೆ ಒಂದು ದಿನ ಕಾಯಾಬಾಚೋದಲ್ಲಿ ರೈಲು ಬದಲಿಸಿ ನಿಶಿ ಕಸಾಯ್‌ಗೆ ಹೋಗಿದ್ದೆವು, ಅಮ್ಮನಿಗೆ ತೊಗರಿಬೇಳೆ ಕಾಣಬೇಕಿತ್ತು. 2000ದ ಸುಮಾರಿಗೆ ಕಂಪ್ಯೂಟರ್ ಕೆಲಸಕ್ಕೆ ಬಂದ ಭಾರತೀಯರು ಅಲ್ಲಿ ನೆಲೆಸಿದರು. ಕಾರಣ, ಬ್ಯಾಂಕುಗಳಿರುವ ಒತೆಮಾಚಿಗೆ ನೇರ ರೈಲು, ಜಾಮೀನುದಾರರನ್ನು ಕೇಳದ ಸರ್ಕಾರಿ ಸ್ವಾಮ್ಯದ ಬಾಡಿಗೆ ಮನೆಗಳು. ದಿನಸಿ ಅಂಗಡಿಯಲ್ಲಿ ಹಾಸನದ ದಂಪತಿ ಸಿಕ್ಕಿ, ಮನೆಗೆ ಕರೆದು ಹುಳಿ ಬಡಿಸಿದರು. ಇಲ್ಲೇ ಇಳಿದುಕೊಳ್ಳಬಹುದಿತ್ತಲ್ಲ ಎಂದು ಆ ಹುಡುಗಿ ಅಂದಾಗ ಅಮ್ಮ, “ನಮ್ಮ ಓಣಿ ಚೆನ್ನಾಗಿದೆಯಮ್ಮ” ಎಂದಳು. ಆರನೇ ದಿನಕ್ಕೆ ಅದು ‘ನಮ್ಮ ಓಣಿ’ ಆಗಿತ್ತು.

ಸಂಜೆ ಕತ್ತಲಾಗುವ ಹೊತ್ತಿಗೆ ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಮಕ್ಕಳ ಹಾಡಿನ ರಾಗ ಬರುತ್ತಿತ್ತು. ಭೂಕಂಪದಂಥ ವಿಪತ್ತಿನ ಎಚ್ಚರಿಕೆಗೆ ಇಟ್ಟ ವ್ಯವಸ್ಥೆ ಸರಿಯಾಗಿದೆಯೇ ಎಂದು ದಿನವೂ ಹಾಗೆ ಪರೀಕ್ಷಿಸುತ್ತಾರಂತೆ. ಮಕ್ಕಳಿಗೆ ಮನೆಗೆ ಹೋಗುವ ಗಂಟೆಯೂ ಅದೇ. ರಾಗ ಮುಗಿಯುತ್ತಲೇ ಸೈಕಲ್‌ಗಳು ಚದುರುತ್ತಿದ್ದವು, ಕಿಟಕಿಗಳಲ್ಲಿ ದೀಪ ಹತ್ತುತ್ತಿದ್ದವು, ಈರುಳ್ಳಿ ಬಾಡಿಸುವ ವಾಸನೆ ಬರುತ್ತಿತ್ತು. ಅಮ್ಮ ಕಿಟಕಿ ಬಳಿ ಕೂತು, ಏಳು ವರ್ಷದ ಹಿಂದೆ ನನ್ನನ್ನು ಕೇಳಿದ್ದಕ್ಕೆಲ್ಲ ತಾನೇ ಉತ್ತರ ನೋಡಿಕೊಳ್ಳುತ್ತಿದ್ದಳು.

ಹೊರಡುವ ದಿನ ನಸುಕಿಗೆ ಏಳಬೇಕಿತ್ತು. ಒಕಾಮಿಸಾನ್ ಬಾಗಿಲ ತನಕ ಬಂದು ತಲೆ ಬಾಗಿಸಿ ನಿಂತರು. ಕಾಗೆಗಳು ಎಳೆಯದಂತೆ ಕಸದ ಚೀಲಗಳ ಮೇಲೆ ಬಲೆ ಹೊದಿಸಿತ್ತು. ಪಕ್ಕದ ಮನೆಯವರಿಗೆ ಅಂದು ರಜೆ; ಕಿಟಕಿ ಕತ್ತಲು. ನಾನು ಸೂಟ್‌ಕೇಸಿನ ಹಿಡಿಕೆ ಎಳೆಯುವಷ್ಟರಲ್ಲಿ ಅಮ್ಮ ಕೈ ಅಡ್ಡ ಹಿಡಿದು, ಇನ್ನೊಂದು ತುದಿಗೆ ಬಗ್ಗಿದಳು. “ಮಂಡಿ ನೋವು, ಬೇಡಮ್ಮ” ಎಂದು ಪಿಸುಗುಟ್ಟಿದೆ. ಅವಳು ಆಗಲೇ ಎತ್ತಿದ್ದಳು. ಎರಡು ಕಡೆ ಹಿಡಿದುಕೊಂಡು, ಮೂರು ಕಡೆ ನಿಂತು ಸುಧಾರಿಸಿಕೊಂಡು, ದೊಡ್ಡ ರಸ್ತೆ ಬರುವ ತನಕ ಅದರ ಚಕ್ರವನ್ನು ನೆಲಕ್ಕೆ ತಾಗಿಸಲಿಲ್ಲ.