ಬೆಟ್ಟದ ಹಾದಿಗೆ ಮುನ್ನ: ಸತಿಪತಿಗಳು ಕೂಡಿ ಮಾಡಬೇಕಾದ ಸಿದ್ಧತೆ

ಪುಣಜನೂರು ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯ ಮೇಲೆ, ಬಿಳಿಗಿರಿರಂಗನ ಕಾಡಿನ ಅಂಚಿನಲ್ಲಿದೆ. ಇಲ್ಲಿನ ಜನರಿಗೆ ಬೆಟ್ಟಗುಡ್ಡಗಳು ಹೊಸವಲ್ಲ. ಆದರೂ ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವುದೆಂದರೆ ಹೊಲಕ್ಕೆ ಹೋಗಿಬಂದಷ್ಟು ಸುಲಭವಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಅನೇಕ ದಂಪತಿಗಳು ಈ ಯಾತ್ರೆಯನ್ನು ಕೈಗೊಳ್ಳುತ್ತಾರೆ. “ಮಗುವಾದರೆ ನಡೆದು ಬಂದು ಮುಡಿ ಒಪ್ಪಿಸುತ್ತೇವೆ” ಎಂದು ಹರಕೆ ಹೊತ್ತವರೂ ಇರುತ್ತಾರೆ. ಭಕ್ತಿಯಿಂದ ಕೈಗೊಂಡ ಯಾತ್ರೆಯು ಆರೋಗ್ಯಕ್ಕೆ ಕುತ್ತಾಗದಂತೆ ನೋಡಿಕೊಳ್ಳುವುದು ಹೇಗೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಹಾದಿಯ ಲೆಕ್ಕ

ಪುಣಜನೂರಿನಿಂದ ಚಾಮರಾಜನಗರ, ಕೊಳ್ಳೇಗಾಲ, ಹನೂರು, ಕೌದಳ್ಳಿಗಳ ಮೂಲಕ ತಾಳಬೆಟ್ಟವನ್ನು ತಲುಪಬೇಕು. ಅಲ್ಲಿಯವರೆಗೆ ಬಸ್ಸಿನ ಪ್ರಯಾಣ. ತಾಳಬೆಟ್ಟದಿಂದ ಮುಂದಕ್ಕೆ ಸುಮಾರು 18 ಕಿಲೋಮೀಟರ್ ಕಾಡಿನ ದಾರಿ. ಕಲ್ಲುಮುಳ್ಳು, ಏರುಇಳಿವುಗಳು ಹೆಚ್ಚು. ಈ ಕಾಡು 2013ರಿಂದ ವನ್ಯಜೀವಿ ಧಾಮವೂ ಆಗಿದೆ.

ಸಮತಟ್ಟಾದ ನೆಲದಲ್ಲಿ ಗಂಟೆಗೆ 4 ಕಿಲೋಮೀಟರ್ ನಡೆಯಬಲ್ಲವರು ಏರುದಾರಿಯಲ್ಲಿ ಎರಡೂವರೆ ಕಿಲೋಮೀಟರ್ ನಡೆದರೆ ಹೆಚ್ಚು. ಹೀಗೆ 18 ಕಿಲೋಮೀಟರಿಗೆ ಏಳು ಗಂಟೆಗೂ ಮಿಕ್ಕಿ ಬೇಕು. ಗಂಟೆಗೊಮ್ಮೆ ಹತ್ತು ನಿಮಿಷ ವಿಶ್ರಾಂತಿ, ಊಟಕ್ಕೆ ಅರ್ಧ ಗಂಟೆ ಸೇರಿಸಿದರೆ ಒಟ್ಟು ಒಂಬತ್ತು ಗಂಟೆಗಳಾಗುತ್ತವೆ. ಬೆಳಕು ಹರಿದ ಮೇಲೆ ಆರೂವರೆಗೆ ತಾಳಬೆಟ್ಟವನ್ನು ಬಿಟ್ಟವರು ಮಧ್ಯಾಹ್ನ ಮೂರೂವರೆಗೆ ಬೆಟ್ಟವನ್ನು ಸೇರುವರು. ಕತ್ತಲಾಗಲು ಇನ್ನೂ ಸಮಯವಿರುತ್ತದೆ. ಅದೇ ದಿನ ಬೆಳಿಗ್ಗೆ ಊರಿನಿಂದ ಹೊರಟು ಹನ್ನೊಂದಕ್ಕೆ ನಡಿಗೆ ಆರಂಭಿಸಿದರೆ ದಾರಿ ಮುಗಿಯುವಾಗ ರಾತ್ರಿ ಎಂಟಾಗುತ್ತದೆ. ಅದು ಆನೆ, ಚಿರತೆ, ಕರಡಿಗಳು ಸಂಚರಿಸುವ ವೇಳೆ. ಆದ್ದರಿಂದ ಹಿಂದಿನ ದಿನವೇ ಹೊರಟು ಹನೂರು ಅಥವಾ ಕೌದಳ್ಳಿಯ ಕಡೆ ತಂಗುವುದು ಕ್ಷೇಮಕರ.

ಕಾಲ್ನಡಿಗೆಗೆ ಅವಕಾಶವಿದೆಯೇ, ಯಾವ ವೇಳೆಯಲ್ಲಿ ಎಂಬುದನ್ನು ಅರಣ್ಯ ಇಲಾಖೆಯಿಂದ ಅಥವಾ ಮಲೆ ಮಹದೇಶ್ವರಸ್ವಾಮಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರದಿಂದ ಮೊದಲೇ ತಿಳಿದುಕೊಳ್ಳಬೇಕು. ವನ್ಯಮೃಗಗಳ ಕಾರಣದಿಂದ ನಿರ್ಬಂಧವಿದ್ದಲ್ಲಿ ಅದನ್ನು ಮೀರಬಾರದು.

ಯಾರು ನಡೆಯಬಹುದು, ಯಾರು ನಡೆಯಬಾರದು

ಸಿದ್ಧತೆಯಲ್ಲಿ ಇದೇ ಮುಖ್ಯವಾದುದು. ಬುತ್ತಿ ಕಟ್ಟುವುದಕ್ಕೆ ಮೊದಲು ಗಂಡಹೆಂಡಿರು ಕುಳಿತು ಮನೆಯ ಪ್ರತಿಯೊಬ್ಬರ ಆರೋಗ್ಯವನ್ನೂ ವಿಚಾರಿಸಬೇಕು. ಹಾದಿಯನ್ನು ಬಲಿಷ್ಠನ ಕಾಲಿನಿಂದ ಅಳೆಯಬಾರದು. ಮನೆಯಲ್ಲಿ ಎಲ್ಲರಿಗಿಂತ ಬಲಹೀನರಾದವರ ಕಾಲಿನಿಂದ ಅಳೆಯಬೇಕು.

ಗರ್ಭಿಣಿಯರು: ಮನೆಗೆಲಸ, ಮಿತವಾದ ನಡಿಗೆ ಗರ್ಭಿಣಿಗೆ ಒಳ್ಳೆಯದೇ. ಆದರೆ ಬಿಸಿಲಿನಲ್ಲಿ, ಆಸ್ಪತ್ರೆ ದೂರವಿರುವ ಕಾಡಿನಲ್ಲಿ 18 ಕಿಲೋಮೀಟರ್ ಏರುವುದು ತರವಲ್ಲ. ರಕ್ತಸ್ರಾವ, ಅಧಿಕ ರಕ್ತದೊತ್ತಡ, ರಕ್ತಹೀನತೆ, ಹಿಂದೆ ಗರ್ಭಪಾತವಾದದ್ದು ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕೇಳದೆ ಬಸ್ಸಿನ ಪ್ರಯಾಣವನ್ನೂ ಕೈಗೊಳ್ಳಬಾರದು. ಹೋಗುವುದಾದರೆ ತಾಯಿ ಕಾರ್ಡ್ ಜೊತೆಯಲ್ಲಿರಲಿ.

ಬಾಣಂತಿಯರು: ಹೆರಿಗೆಯಾಗಿ ಆರು ವಾರ ತುಂಬುವವರೆಗೆ ಇಂತಹ ಶ್ರಮ ಕೂಡದು. ಶಸ್ತ್ರಚಿಕಿತ್ಸೆಯ ಹೆರಿಗೆಯಾಗಿದ್ದರೆ ವೈದ್ಯರು ಒಪ್ಪುವವರೆಗೆ ಕಾಯಬೇಕು. ಎಳೆಯ ಮಗುವನ್ನು ಬಿಸಿಲಿನಲ್ಲಿ ಹೊತ್ತು ನಡೆಯುವುದು ತಾಯಿಗೂ ಮಗುವಿಗೂ ಅಪಾಯಕರ.

ರಕ್ತಹೀನತೆಯುಳ್ಳವರು: ಏರುವಾಗ ಬೇಗ ಏದುಸಿರು ಬರುವುದು, ಎದೆ ಹೊಡೆದುಕೊಳ್ಳುವುದು, ಕಣ್ಣು ಕತ್ತಲಾಗುವುದು ಇದರ ಲಕ್ಷಣಗಳು. ಹೆಂಗಸರಲ್ಲಿ ರಕ್ತದ ಹಿಮೋಗ್ಲೋಬಿನ್ 12 ಗ್ರಾಂಗಿಂತಲೂ, ಗರ್ಭಿಣಿಯರಲ್ಲಿ 11 ಗ್ರಾಂಗಿಂತಲೂ ಕಡಿಮೆಯಿದ್ದರೆ ರಕ್ತಹೀನತೆಯಿದೆ ಎಂದರ್ಥ. ಯಾತ್ರೆಗೆ ಕೆಲವು ತಿಂಗಳ ಮೊದಲೇ ಪರೀಕ್ಷೆ ಮಾಡಿಸಿ, ಕಬ್ಬಿಣಾಂಶದ ಮಾತ್ರೆಗಳನ್ನು ಸೇವಿಸಿದರೆ ಸುಧಾರಿಸಲು ಕಾಲಾವಕಾಶ ಸಿಗುತ್ತದೆ.

ಸಿಕಲ್ ಸೆಲ್ ಕಾಯಿಲೆಯುಳ್ಳವರು: ನಮ್ಮ ಜಿಲ್ಲೆಯ ಸೋಲಿಗ ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಈ ಕಾಯಿಲೆ ಕಂಡುಬರುತ್ತದೆ. ಇದರಲ್ಲಿ ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ. ಅತಿಶ್ರಮದಿಂದಲೂ ನೀರಿನ ಕೊರತೆಯಿಂದಲೂ ಕೈಕಾಲು, ಎದೆಗಳಲ್ಲಿ ತೀವ್ರ ನೋವು ಬರಬಹುದು. ಇಂತಹವರು ನಡಿಗೆಯ ಹರಕೆ ಹೊರಬಾರದು.

ಕುಟುಂಬ ಕಲ್ಯಾಣ ಚಿಕಿತ್ಸೆ ಪಡೆದವರು: ಗಂಡಸರು ಶಸ್ತ್ರಚಿಕಿತ್ಸೆಯ ನಂತರ ಎರಡು ದಿನ ವಿಶ್ರಾಂತಿ ಪಡೆದು, ಒಂದು ವಾರ ಭಾರ ಎತ್ತುವುದನ್ನೂ ಕಠಿಣ ಶ್ರಮವನ್ನೂ ಬಿಡಬೇಕು. ಹೆಂಗಸರು ವೈದ್ಯರು ಹೇಳಿದಷ್ಟು ದಿನ ಕಾಯಬೇಕು. ವಂಕಿ ಹಾಕಿಸಿಕೊಂಡವರಿಗೆ ನಡೆಯಲು ಅಡ್ಡಿಯಿಲ್ಲ. ಮಾಲಾ ಮಾತ್ರೆ ನುಂಗುವವರು ಅದನ್ನು ಗಂಟಿನಲ್ಲಿಟ್ಟುಕೊಂಡು ಒಂದು ದಿನವೂ ತಪ್ಪದಂತೆ ಸೇವಿಸಬೇಕು.

ಮಧುಮೇಹವುಳ್ಳವರು ಬರಿಗಾಲಿನಲ್ಲಿ ನಡೆಯಬಾರದು. ಅವರಿಗೆ ಪಾದದಲ್ಲಿ ಸ್ಪರ್ಶಜ್ಞಾನ ಕುಂದಿರಬಹುದಾದುದರಿಂದ ಮುಳ್ಳು ಚುಚ್ಚಿದರೂ ತಿಳಿಯದೆ ಹುಣ್ಣಾಗಬಹುದು.

ಗಂಟಿನಲ್ಲಿ ಇರಬೇಕಾದುವು

ಒಬ್ಬೊಬ್ಬರಿಗೆ ಎರಡರಿಂದ ಮೂರು ಲೀಟರು ಕುಡಿಯುವ ನೀರು, ಬುತ್ತಿ, ಹುರಿಗಡಲೆ, ಬೆಲ್ಲ, ಬಾಳೆಹಣ್ಣು, ತಲೆಗೆ ವಸ್ತ್ರ, ಬ್ಯಾಟರಿ ದೀಪ, ಗಾಯಕ್ಕೆ ಶುಭ್ರವಾದ ಬಟ್ಟೆ, ದಿನವೂ ಸೇವಿಸುವ ಔಷಧಿ ಹಾಗೂ ಓ.ಆರ್.ಎಸ್. ಪೊಟ್ಟಣಗಳು ಇರಬೇಕು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರು ಶುದ್ಧ ನೀರಿಗೆ ಬೆರೆಸಿ, 24 ಗಂಟೆಗಳೊಳಗೆ ಕುಡಿದು ಮುಗಿಸಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರು ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಹಾ ಚಮಚ ಉಪ್ಪು ಸಾಕು. ಹಳ್ಳದ ನೀರನ್ನು ಕಾಯಿಸದೆ ಕುಡಿಯಬಾರದು. ಖಾಲಿ ಸೀಸೆ, ಪ್ಲಾಸ್ಟಿಕ್ ಕೊಟ್ಟೆಗಳನ್ನು ಕಾಡಿನಲ್ಲಿ ಎಸೆಯದೆ ಹಿಂದಕ್ಕೆ ತರಬೇಕು.

ದಾರಿಯಲ್ಲಿ

ಗುಂಪಿನಲ್ಲಿ ನಡೆಯಿರಿ. ಮಕ್ಕಳು ನಡುವೆ ಇರಲಿ. ಹಿಂದೆ ಬಿದ್ದವರನ್ನು ಬಿಟ್ಟು ಮುಂದೆ ಹೋಗಬೇಡಿ. ಹಸಿ ಲದ್ದಿ, ಮುರಿದ ಬಿದಿರು ಕಂಡರೆ ಆನೆ ಹತ್ತಿರದಲ್ಲಿರಬಹುದು. ಅಲ್ಲಿಯೇ ನಿಂತು ಸದ್ದಿಲ್ಲದೆ ಹಿಂದಕ್ಕೆ ಸರಿಯಬೇಕು.

ತಲೆಸುತ್ತು, ವಾಂತಿ, ಕಾಲಿನ ಸೆಳೆತ ಬಂದವರನ್ನು ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗುಟುಕು ಗುಟುಕಾಗಿ ನೀರು ಕುಡಿಸಬೇಕು. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ರಕ್ತ ಹೀರುವುದು ಕೂಡದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ರೋಗಿಯನ್ನು ನಡೆಸದೆ ಹೊತ್ತೊಯ್ಯಬೇಕು. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೇ ಔಷಧಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಆದರೆ ಕಾಡಿನೊಳಗೆ ಎಲ್ಲ ಕಡೆಯೂ ಫೋನು ಸಿಗದೆಂಬುದು ನೆನಪಿರಲಿ. ಹನೂರು, ಕೊಳ್ಳೇಗಾಲಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ.

ಹರಕೆ ಮತ್ತು ತೀರ್ಮಾನ

ಹಲವು ಮನೆಗಳಲ್ಲಿ ತೀರ್ಮಾನ ಗಂಡಸರದು ಅಥವಾ ಹಿರಿಯರದು. ಸೊಸೆಗೆ ಸುಸ್ತಾಗಿದ್ದರೂ “ಅತ್ತೆ, ನನ್ನಿಂದ ಆಗದು” ಎಂದು ಹೇಳಲು ಬಾಯಿ ಬರುವುದಿಲ್ಲ. ಇಂತಹ ಸಂದರ್ಭದಲ್ಲಿ ಆ ಮಾತನ್ನು ಹಿರಿಯರ ಮುಂದೆ ಗೌರವದಿಂದ ಹೇಳುವುದು ಗಂಡನ ಕರ್ತವ್ಯ. “ಅವ್ವಾ, ಈ ವರ್ಷ ಅವಳು ಮಗುವಿನೊಡನೆ ಬಸ್ಸಿನಲ್ಲಿ ಬರಲಿ, ನಡಿಗೆಯ ಹರಕೆಯನ್ನು ನಾನು ತೀರಿಸುತ್ತೇನೆ” ಎಂದರೆ ಭಕ್ತಿಗೂ ಕುಂದಿಲ್ಲ, ಬಾಣಂತಿಗೂ ಕುತ್ತಿಲ್ಲ. ಬಸ್ಸು ಬೆಟ್ಟದ ಮೇಲಕ್ಕೇ ಹೋಗುತ್ತದೆ. ಹರಕೆಯನ್ನು ಮುಂದಿನ ವರ್ಷ ತೀರಿಸಬಹುದು; ಕೈಬಿಟ್ಟ ಆರೋಗ್ಯ ಮರಳಿ ಬರುವುದು ಕಷ್ಟ.

ಕುಟುಂಬ ಯೋಜನೆಯೂ ಇದೇ ಬಗೆಯದು. ಕಂಕುಳಲ್ಲಿ ಒಂದು, ಗರ್ಭದಲ್ಲಿ ಇನ್ನೊಂದು ಮಗುವನ್ನು ಹೊತ್ತ ತಾಯಿಗೆ ಮನೆಯ ಮೆಟ್ಟಿಲೂ ಬೆಟ್ಟವೇ. ಎರಡು ಮಕ್ಕಳ ನಡುವೆ ಮೂರು ವರ್ಷಗಳ ಅಂತರವಿದ್ದರೆ ತಾಯಿಯ ರಕ್ತಬಲ ಮರಳುತ್ತದೆ, ಮೊದಲ ಮಗು ತನ್ನ ಕಾಲ ಮೇಲೆ ನಡೆಯುತ್ತದೆ.

ಹೊರಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನಡೆಯುವವರೆಲ್ಲರ ಆರೋಗ್ಯವನ್ನು ಆಶಾ ಕಾರ್ಯಕರ್ತೆಯ ಅಥವಾ ವೈದ್ಯರ ಬಳಿ ವಿಚಾರಿಸಿದ್ದೇವೆಯೇ?
2. ಕತ್ತಲಾಗುವ ಮೊದಲು ತಲುಪುವ ಲೆಕ್ಕ ಹಾಕಿದ್ದೇವೆಯೇ?
3. ಯಾವ ದಾರಿಯಲ್ಲಿ ಹೋಗುತ್ತೇವೆ, ಎಂದು ಮರಳುತ್ತೇವೆ ಎಂಬುದನ್ನು ಮನೆಯಲ್ಲಿ ಉಳಿದವರಿಗೆ ತಿಳಿಸಿದ್ದೇವೆಯೇ?
4. ನಡೆಯಲಾಗದವರು ಬಸ್ಸಿನಲ್ಲಿ ಬರಲು ಏರ್ಪಾಡಾಗಿದೆಯೇ?
5. ಈ ತೀರ್ಮಾನವನ್ನು ನಾವಿಬ್ಬರೂ ಕೂಡಿ ಮಾಡಿದ್ದೇವೆಯೇ?

ಐದಕ್ಕೂ “ಹೌದು” ಎಂಬ ಉತ್ತರ ಬಂದರೆ ನೆಮ್ಮದಿಯಿಂದ ಹೊರಡಿ. ಒಂದಕ್ಕೆ “ಇಲ್ಲ” ಎಂದಾದರೂ ಅದನ್ನು ಸರಿಪಡಿಸಿಕೊಂಡೇ ಹೆಜ್ಜೆಯಿಡಿ.