ರನ್ ಒತ್ತುವ ಮುನ್ನ

ಪೈಥಾನ್ ಕಲಿಯುವವರಿಗೆ ಲಿಸ್ಟ್ ಬೇಗ ಅರ್ಥವಾಗುತ್ತದೆ, ಲೂಪ್ ಕೂಡ ಅಷ್ಟೇ. ತಕರಾರು ಶುರುವಾಗುವುದು ಎರಡೂ ಕೂಡಿದಾಗ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಾನು ಮಕ್ಕಳ ಅಂಕಗಳ ಲೆಕ್ಕಕ್ಕೆಂದು ಸಂಜೆ ಹೊತ್ತು ಕಲಿಯಲು ಕೂತವನು. ವಿಡಿಯೊ ನೋಡಿ ತಲೆಯಾಡಿಸಿದ್ದು ಮರುದಿನಕ್ಕೆ ನೆನಪಿರುತ್ತಿರಲಿಲ್ಲ. ತಲೆಯಲ್ಲಿ ನಿಂತದ್ದು, ರನ್ ಒತ್ತುವ ಮೊದಲು ಕಾಗದದ ಮೇಲೆ ಸುತ್ತು ಸುತ್ತಾಗಿ ಬರೆದುಕೊಂಡದ್ದು.

ಒಂದು ಲಿಸ್ಟಿನಲ್ಲಿ 35, 0, 0, 62 ಇವೆ ಅನ್ನಿ. ಸೊನ್ನೆಗಳನ್ನು ತೆಗೆಯಬೇಕು. ಫಾರ್ ಲೂಪ್ ಹಾಕಿ, ಸೊನ್ನೆ ಸಿಕ್ಕಾಗಲೆಲ್ಲ ಅದೇ ಲಿಸ್ಟಿನಿಂದ ರಿಮೂವ್ ಮಾಡಿದರೆ ಉಳಿಯುವುದು 35, 0, 62. ಒಂದು ಸೊನ್ನೆ ತಪ್ಪಿಸಿಕೊಂಡದ್ದು ಹೇಗೆ? ಕಾಗದ ಹೇಳುತ್ತದೆ. ಪೈಥಾನ್‌ನಲ್ಲಿ ಸ್ಥಾನಗಳ ಎಣಿಕೆ ಸೊನ್ನೆಯಿಂದ. ಸ್ಥಾನ 0ರಲ್ಲಿ 35, ಅದರ ತಂಟೆಗೆ ಹೋಗಲಿಲ್ಲ. ಸ್ಥಾನ 1ರಲ್ಲಿ 0, ತೆಗೆಯಿತು. ತೆಗೆದದ್ದೇ ತಡ, ರೇಷನ್ ಅಂಗಡಿ ಸಾಲಿನಂತೆ ಹಿಂದಿದ್ದವೆಲ್ಲ ಒಂದೊಂದು ಹೆಜ್ಜೆ ಮುಂದೆ ಸರಿದವು. ಎರಡನೆಯ ಸೊನ್ನೆ ಈಗ ಸ್ಥಾನ 1ರಲ್ಲಿದೆ; ಲೂಪ್ ಆಗಲೇ ಸ್ಥಾನ 2ಕ್ಕೆ ಹೊರಟಿದೆ. ಅಲ್ಲಿರುವುದು 62. ಎರರ್ ಬರುವುದಿಲ್ಲ, ಅದೇ ಅಪಾಯ. ಲೂಪ್ ಸುತ್ತುತ್ತಿರುವ ಲಿಸ್ಟಿಗೆ ಕೈ ಹಾಕದೆ, ಬೇಕಾದ್ದನ್ನು ಹೊಸ ಲಿಸ್ಟಿಗೆ ಅಪೆಂಡ್ ಮಾಡುವುದೇ ಕ್ಷೇಮ.

(ಅಂದಹಾಗೆ, ಪರೀಕ್ಷೆಗೆ ಬಂದು ಸೊನ್ನೆ ತೆಗೆದ ಹುಡುಗನೂ ಗೈರುಹಾಜರಾದವನೂ ಒಂದೇ ಅಲ್ಲ. ಗೈರಾದವರಿಗೆ ಸೊನ್ನೆ ತುಂಬಿಟ್ಟರೆ ಯಾವ ಲೂಪೂ ಅವರನ್ನು ಬೇರ್ಪಡಿಸಲಾರದು.)

ರೇಂಜ್ ಬಗ್ಗೆ ನನಗೆ ಬಹಳ ದಿನ ಮುನಿಸಿತ್ತು. 1, 10 ಎಂದು ಕೊಟ್ಟರೆ 9ಕ್ಕೇ ನಿಲ್ಲುತ್ತದಲ್ಲ! ಡಚ್ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ 1982ರಲ್ಲಿ ಬರೆದ ಪುಟ್ಟ ಟಿಪ್ಪಣಿಯ ವಾದ ತಿಳಿದ ಮೇಲೆ ಮುನಿಸು ಇಳಿಯಿತು. ಕೆಳತುದಿ ಸೇರಿಸಿ ಮೇಲ್ತುದಿ ಬಿಟ್ಟರೆ, ಎರಡರ ವ್ಯತ್ಯಾಸವೇ ಒಟ್ಟು ಸಂಖ್ಯೆ. ಹತ್ತರಲ್ಲಿ ಒಂದು ಕಳೆದರೆ ಒಂಬತ್ತು, ಸುತ್ತೂ ಒಂಬತ್ತೇ. ಮುಂದಿನ ರೇಂಜ್ 10ರಿಂದ ಶುರುವಾದರೆ ನಡುವೆ ಯಾವುದೂ ಬಿಟ್ಟುಹೋಗದು, ಎರಡು ಸಲವೂ ಬಾರದು. ಗಣಿತದ ಮೇಷ್ಟರಿಗೆ ಇಷ್ಟು ಸಾಕು.

ಕಾಗದದ ಅಭ್ಯಾಸಕ್ಕೆ ಇನ್ನೊಂದನ್ನು ಸೇರಿಸಿಕೊಂಡಿದ್ದೇನೆ: ಲೂಪ್ ಬರೆದ ಕೂಡಲೇ ಖಾಲಿ ಲಿಸ್ಟ್ ಕೊಟ್ಟು ನೋಡುವುದು. ಲೂಪ್ ಒಂದು ಸುತ್ತೂ ಹೊಡೆಯದೆ ಸುಮ್ಮನೆ ದಾಟಿಹೋಗುತ್ತದೆ. ಅದರ ಕೆಳಗೆ ಸರಾಸರಿ ತೆಗೆಯುವ ಸಾಲು ಇದ್ದರೆ ಮಾತ್ರ ಅಲ್ಲಿ ಸೊನ್ನೆಯಿಂದ ಭಾಗಿಸಲು ಹೋಗಿ ಪ್ರೋಗ್ರಾಂ ನಿಂತುಬಿಡುತ್ತದೆ. ಎಂಟನೇ ತರಗತಿಯವರಿಗೆ ನಾನು ಪ್ರತಿವರ್ಷ ಬೇಡವೆಂದು ಹೇಳುವ ಕೆಲಸವೇ ಅದು.